ಟೇಲರ್ ಮಾವನ ಸರ್ಕಾರಿ ವಾಚು

ಕಳೆದ ಭಾನುವಾರ ರಸೆಲ್ ಮಾರುಕಟ್ಟೆಯ ಹತ್ತಿರದ ಗುಜರಿಯಲ್ಲಿ ಸೈಕಲ್ಲಿಗೊಂದು ಬೆಲ್ಲು ಹುಡುಕುತ್ತಿದ್ದೆ. ಗೋಣಿತಾಟಿನ ಮೇಲೆ ತುಕ್ಕು ಹಿಡಿದ ಬೀಗಗಳು, ಒಂಟಿ ಬೂಟು, ಸೊಟ್ಟಗಾದ ಮಿಲಿಟರಿ ತಟ್ಟೆ. ಅವುಗಳ ನಡುವೆ ಒಂದು ವಾಚು ಬಿದ್ದಿತ್ತು. ಅದರ ಪಟ್ಟಿ ಚರ್ಮದ್ದಲ್ಲ, ಖಾಕಿ ಬಟ್ಟೆಯದು. ಎರಡು ಪದರ ಮಡಿಸಿ, ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿದ್ದು. ಎತ್ತಿ ಮೂಗಿನ ಹತ್ತಿರ ಹಿಡಿದೆ. ಬೆವರು, ಇಸ್ತ್ರಿಪೆಟ್ಟಿಗೆಯ ಇದ್ದಿಲು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ...

"ಕಾಯ್ಕು ಸೂಂಗ್ತಾ ಭಾಯ್? ವಾಚು ಇದು, ಅತ್ತರ್ ಅಲ್ಲ" ಎಂದ ಗುಜರಿಯವನು.

ಬೇರೆ ದಿನವಾಗಿದ್ದರೆ ಅವನ ದನಿಯಲ್ಲೇ ಅವನಿಗೆ ಉತ್ತರ ಕೊಟ್ಟು ಸುತ್ತ ನಾಲ್ಕು ಜನರನ್ನು ನಗಿಸುತ್ತಿದ್ದೆ. ಅವತ್ತು ಕೇಳಿದಷ್ಟು ಕೊಟ್ಟು, ಬೆಲ್ಲು ಮರೆತು, ಸೈಕಲ್ ತಳ್ಳಿಕೊಂಡು ಹಲಸೂರಿನ ಕಡೆ ನಡೆದೆ.

ನನ್ನ ವಿಷಯ ಎರಡು ಮಾತು ಹೇಳಿಬಿಡುತ್ತೇನೆ. ನಾನು ಯಾರ ದನಿಯನ್ನು ಬೇಕಾದರೂ ತೆಗೆಯುತ್ತೇನೆ. ವಿಮಾನದ ಕಾರ್ಖಾನೆಯಲ್ಲಿ ನಮ್ಮ ಸ್ಟೋರ್ಸಿನ ಸಾಹೇಬರು ಕೆಮ್ಮುವುದು, ತಮಿಳು ಜಟಕಾದವನು ಕುದುರೆಗೆ ಬುದ್ಧಿ ಹೇಳುವುದು, ನಮ್ಮ ಚಿಕ್ಕಮ್ಮ ಅಳುವ ಮೊದಲು ಮೂಗೆಳೆಯುವುದು. ನಾನು ಹುಟ್ಟಿದಾಗ ಅತ್ತದ್ದೂ ಪಕ್ಕದ ಮನೆಯ ಮಗುವಿನ ಥರವೇ ಎಂದು ನಮ್ಮಮ್ಮ ಹೇಳುತ್ತಾಳೆ. ಯುದ್ಧದ ಆ ದಿನಗಳಲ್ಲಿ ನನಗೆ ಇಪ್ಪತ್ತು ತುಂಬಿತ್ತು. ಬುದ್ಧಿಗೆ ಎಷ್ಟು ತುಂಬಿತ್ತೆಂಬುದು ಮುಂದೆ ಓದಿದರೆ ತಿಳಿಯುತ್ತದೆ.

ಟೇಲರ್ ಮಾವ ನಮ್ಮ ಬೀದಿಯಲ್ಲೇ, ಎರಡು ಮನೆ ಆಚೆ ಇದ್ದರು. ರಕ್ತಸಂಬಂಧವೇನಿಲ್ಲ, ಬಾಯಿಮಾತಿನ ಮಾವ. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಆಫೀಸರುಗಳಿಗೆ ಕೋಟು ಹೊಲಿಯುವ ಅಂಗಡಿಯೊಂದರಲ್ಲಿ ಕಟಿಂಗ್ ಮಾಸ್ಟರು. ಕತ್ತಿನಲ್ಲಿ ಸದಾ ಅಳತೆಯ ಟೇಪು. ಆಡುವ ಮಾತೂ ಅಳತೆಯದೇ. ವಾಚಿನ ವಿಷಯ ಬಂದರೆ ಮಾತ್ರ ಆ ಮನುಷ್ಯ ಥಾನುಗಟ್ಟಲೆ ಬಟ್ಟೆ ಬಿಚ್ಚಿದ ಹಾಗೆ ಮಾತು ಬಿಚ್ಚುತ್ತಿದ್ದರು.

ಅವರಿಗೆ ಈ ಹುಚ್ಚು ಹಿಡಿದದ್ದು ಹಿಂದಿನ ಯುದ್ಧದ ಕಾಲದಲ್ಲಂತೆ. ಆಗ ಅವರು ಬರೀ ಅಳತೆ ತೆಗೆಯುವ ಕೆಲಸದಲ್ಲಿದ್ದರು. ಭುಜದಿಂದ ಟೇಪು ಇಳಿಸಿಕೊಂಡು ಮಣಿಕಟ್ಟಿಗೆ ಬಂದರೆ ಅಲ್ಲೊಂದು ವಾಚು ಟಿಕ್ ಟಿಕ್ ಎನ್ನುತ್ತಿತ್ತು. "ಕೋಟಿನ ತೋಳು ಎಲ್ಲಿ ಮುಗಿಯುತ್ತೋ ಅಲ್ಲಿಂದ ವಾಚು ಶುರು ಮಗಾ. ನಾನು ನೋಡ್ದೆ ಇನ್ಯಾರು ನೋಡ್ಬೇಕು?" ಎನ್ನುತ್ತಿದ್ದರು. ಅವರು ಕತ್ತರಿಸಿದ ಕೋಟುಗಳಲ್ಲಿ ಎಡತೋಳು ಬಲತೋಳಿಗಿಂತ ಕಾಲಿಂಚು ಗಿಡ್ಡ, ವಾಚಿಗೆ ಗಾಳಿ ಬೆಳಕು ಆಡಬೇಕಲ್ಲ. ಎಷ್ಟು ಜನ ಆಫೀಸರುಗಳು ಕಾಲಿಂಚು ಗಿಡ್ಡ ತೋಳಿನಲ್ಲಿ ಹಡಗು ಹತ್ತಿದರೋ, ಅವರಿಗೇ ಗೊತ್ತಿರಲಿಲ್ಲ.

ಭಾನುವಾರವೆಂದರೆ ಅವರು ಗುಜರಿಗೆ. ಇಪ್ಪತ್ತೈದು ವರ್ಷ ಹಾಗೆ ತಿರುಗಿ ಹತ್ತೊಂಬತ್ತು ವಾಚು ಕೂಡಿಸಿದ್ದರು. ಮುಖಕ್ಕೆ ಜಾಲರಿಯಿದ್ದ ಯುದ್ಧದ ವಾಚು, ಹುಣಸೆಬೀಜದಷ್ಟು ಚಿಕ್ಕದೊಂದು ಹೆಂಗಸರ ವಾಚು, ಕತ್ತಲಲ್ಲಿ ಅಂಕಿಗಳು ಮಿಣುಕುವ ರೇಡಿಯಂ ವಾಚು. ಎಲ್ಲಕ್ಕೂ ಅಂಗಡಿಯಲ್ಲಿ ಕತ್ತರಿಸಿ ಉಳಿದ ಬಟ್ಟೆಚೂರುಗಳಿಂದ ತಾವೇ ಪಟ್ಟಿ ಹೊಲಿಯುತ್ತಿದ್ದರು. ಒಂದು ಬಿಸ್ಕತ್ತಿನ ಡಬ್ಬದೊಳಗೆ ಮಖಮಲ್ಲು ಹಾಸಿ ಅವುಗಳನ್ನು ಮಲಗಿಸಿದ್ದರು. ಬೆಳಗ್ಗೆ ಸ್ನಾನ, ದೇವರ ದೀಪ, ಆಮೇಲೆ ಡಬ್ಬ. ಒಂದೊಂದಕ್ಕೂ ಕೀ ಕೊಡುವ ಲೆಕ್ಕ ಬೇರೆ. "ಇದಕ್ಕೆ ಇಪ್ಪತ್ತೆರಡು ಸುತ್ತು. ಈ ಮುದುಕಿಗೆ ಹನ್ನೆರಡೇ, ಜಾಸ್ತಿ ಕೊಟ್ರೆ ಎದೆನೋವು." ಕೀ ಕೊಟ್ಟು ಕಿವಿಗಿಟ್ಟುಕೊಂಡು, ಆಮೇಲೆ ಎದುರಿಗಿದ್ದವರ ಕಿವಿಗಿಟ್ಟು, ಸ್ವರ ಇಳಿಸಿ ಹೇಳುತ್ತಿದ್ದರು: "ಕೇಳು, ಕೇಳು... ಉಸಿರಾಡ್ತಿದೆ."

ಈ ಮಾತನ್ನು ನಾನು ಎಂಥ ಜಾಗದಲ್ಲೆಲ್ಲ ಹೇಳಿದ್ದೇನೆ... ಕಾರ್ಖಾನೆಯಲ್ಲಿ ಊಟದ ಡಬ್ಬಿಯನ್ನು ಕಿವಿಗಿಟ್ಟುಕೊಂಡು, ಸತ್ತ ಇಲಿಯನ್ನು ಬಾಲ ಹಿಡಿದೆತ್ತಿಕೊಂಡು. ಅವರ ಎದುರಿಗೇ ಮಾಡಿದ್ದೂ ಉಂಟು. ಅವರು ನಗುತ್ತಿದ್ದರು. ಅತ್ತೆ ಒಲೆಯ ಮುಂದಿನಿಂದಲೇ, "ನನ್ ಕೈ ಹಿಡ್ದಿದ್ದು ಮದ್ವೆ ದಿನ ಒಂದ್ಸಲ. ಆ ಡಬ್ಬಾನ ದಿನಾ ಹಿಡೀತಾರೆ ಕಣೋ, ಅದನ್ನೂ ಮಾಡಿ ತೋರ್ಸು" ಎನ್ನುತ್ತಿದ್ದರು.

ಯುದ್ಧ ಬಂತು. ಸರ್ಕಾರ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿತು. ಬೀದಿಯಲ್ಲಿ ಹಳೇ ಟೈಮು, ಹೊಸ ಟೈಮು ಎಂದು ಎರಡು ಟೈಮಾಯಿತು. ಮಾವನಿಗೆ ಇದು ಸುತರಾಂ ಒಪ್ಪಲಿಲ್ಲ. "ಸೂರ್ಯಂಗೂ ಆರ್ಡರ್ ಕೊಟ್ಟಿದ್ದಾರಾ? ಇವು ಸುಳ್ಳು ಹೇಳೋ ವಾಚಲ್ಲ" ಎಂದು ಡಬ್ಬದೊಳಗಿನವನ್ನೆಲ್ಲ ಹಳೇ ಟೈಮಿನಲ್ಲೇ ಬಿಟ್ಟರು. ಖಾಕಿ ಪಟ್ಟಿಯದೊಂದನ್ನು ಮಾತ್ರ ಹೊರಗೆ ತೆಗೆದು ಹೊಸ ಟೈಮಿಗಿಟ್ಟು, ಕನ್ನಡಿಯ ಪಕ್ಕದ ಮೊಳೆಗೆ ನೇತುಹಾಕಿದರು. ಕೆಲಸಕ್ಕೆ ಹೋಗುವಾಗ ಕಟ್ಟಿಕೊಳ್ಳುವುದು ಅದನ್ನೇ. ಅದಕ್ಕೆ ಸರ್ಕಾರಿ ವಾಚು ಎಂದು ಹೆಸರಾಯಿತು. ಸಂಜೆ ಬಂದು ಅದಕ್ಕೂ ಕೀ ಕೊಡುತ್ತಿದ್ದರು, ಆದರೆ ಕಿವಿಗಿಟ್ಟುಕೊಳ್ಳುತ್ತಿರಲಿಲ್ಲ.

ಅವರ ಒಬ್ಬನೇ ಮಗ ನನ್ನ ಜೊತೆಯವನು. ಮಿಲಿಟರಿಯಲ್ಲಿ ಲಾರಿ ಓಡಿಸಲು ಸೇರಿ ವರ್ಷವಾಗಿತ್ತು.

ಇನ್ನು ನಾನು ಮಾಡಿದ ಕೆಲಸ. ಮಾವನ ಅಂಗಡಿಯ ದೊರೆ ಎಲ್ಲರನ್ನೂ ಬೈಯುತ್ತಿದ್ದ, ಮುರುಕು ಹಿಂದೂಸ್ತಾನಿಯಲ್ಲಿ, ಗಾಜು ಅದುರುವ ಹಾಗೆ. ಮಾವನೊಬ್ಬರನ್ನು ಬೈದಿರಲಿಲ್ಲ, ಏಕೆಂದರೆ ಅವರು ಒಂದು ದಿನವೂ ತಡವಾಗಿ ಹೋದವರಲ್ಲ. ಅವರು ತಡವಾಗಿ ಹೋದರೆ ಆ ದೊರೆ ಏನನ್ನುತ್ತಾನೆ, ಮಾವ ಏನೆಂದು ತೊದಲುತ್ತಾರೆ? ನನ್ನ ಸಂಗ್ರಹದಲ್ಲಿ ಅದೊಂದು ಇರಲಿಲ್ಲ. ಅವರಿಗೆ ವಾಚು ಕೂಡಿಸುವ ಹುಚ್ಚು, ನನಗೆ ದನಿ ಕೂಡಿಸುವ ಹುಚ್ಚು.

ಒಂದು ಭಾನುವಾರ ಸಂಜೆ ಅವರ ಮನೆಗೆ ಹೋದೆ. ಮಾವ ಆಗಷ್ಟೇ ಸರ್ಕಾರಿ ವಾಚಿಗೆ ಕೀ ಕೊಟ್ಟು ಮೊಳೆಗೆ ಹಾಕಿ, ಹಿತ್ತಲಿಗೆ ಕಾಲು ತೊಳೆಯಲು ಹೋದರು. ಅಡಿಗೆಮನೆಯಲ್ಲಿ ಅತ್ತೆ ಕೋಡುಬಳೆ ಕರಿಯುತ್ತಿದ್ದರು. ಯಾವ ಹಬ್ಬವೂ ಇಲ್ಲದೆ ಇಷ್ಟೊಂದು ಕೋಡುಬಳೆ ಯಾಕೆಂದು ನಾನು ಕೇಳಲಿಲ್ಲ. ಎರಡು ತಿಂದೆ. ವಾಚು ಇಳಿಸಿ, ಕೀಯ ತಲೆ ಎಳೆದು, ದೊಡ್ಡ ಮುಳ್ಳನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿ, ಮತ್ತೆ ಮೊಳೆಗೆ ಹಾಕಿದೆ. ಅರ್ಧ ನಿಮಿಷದ ಕೆಲಸ. ಹೊಸ ಟೈಮಿನಲ್ಲಿದ್ದ ಒಂದೇ ಒಂದು ವಾಚೂ ಹಳೇ ಟೈಮಿಗೆ ಬಂತು.

ಸೋಮವಾರ ಕಾರ್ಖಾನೆಯಲ್ಲಿ ದಿನವಿಡೀ ಒಬ್ಬನೇ ನಗುತ್ತಿದ್ದೆ. ಸಂಜೆ ನಗುವಿನ ಮುಖ ಸಿದ್ಧಮಾಡಿಕೊಂಡೇ ಮಾವನ ಮನೆ ಹೊಕ್ಕೆ.

ಅವರು ತೊಡೆಯ ಮೇಲೆ ಡಬ್ಬ ಇಟ್ಟುಕೊಂಡು ನೆಲದಲ್ಲಿ ಕೂತಿದ್ದರು. ಒಂದೊಂದೇ ವಾಚು ತೆಗೆದು ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಪಕ್ಕಕ್ಕಿಡುತ್ತಿದ್ದರು. ಅತ್ತೆ ಗೋಡೆಗೊರಗಿದ್ದರು. ಕೋಡುಬಳೆಯ ಗಂಟು ಹಾಗೇ ಇತ್ತು.

"ಹುಡುಗನ ರೈಲು ಬಂದಿತ್ತು ಮಗಾ" ಎಂದರು ಮಾವ. "ದಂಡು ಸ್ಟೇಷನ್‌ಗೆ. ಒಂಬತ್ತಕ್ಕೆ ಬರುತ್ತೆ, ಅರ್ಧ ಗಂಟೆ ನಿಲ್ಲುತ್ತೆ ಅಂತ ಯಾರ್ ಕೈಲೋ ಹೇಳಿ ಕಳಿಸಿದ್ದ. ಮಿಲಿಟರಿ ರೈಲು, ಬಾಯ್ಬಿಡಬಾರ್ದು ಅಂದಿದ್ದ. ಅದಕ್ಕೇ ನಿಂಗೂ ಹೇಳ್ಲಿಲ್ಲ."

ಇನ್ನೊಂದು ವಾಚಿನ ಮುಳ್ಳು ತಿರುಗಿಸಿ ಪಕ್ಕಕ್ಕಿಟ್ಟರು.

"ಎಂಟೂವರೆಗೇ ಹೋಗಿ ನಿಂತ್ಕೊಂಡ್ವಿ, ನನ್ ವಾಚಲ್ಲಿ ಎಂಟೂವರೆ. ಸ್ಟೇಷನ್ ಗಡಿಯಾರದಲ್ಲಿ ಒಂಬತ್ತೂವರೆ. ಪ್ಲಾಟ್‌ಫಾರಂ ಗುಡಿಸ್ತಿದ್ರು."

ಪಕ್ಕದಲ್ಲಿ ಒಂದು ಪುಟ್ಟ ಬಟ್ಟೆಚೀಲ ಇತ್ತು, ನಾಲ್ಕೂ ಕಡೆ ಹೊಲಿದದ್ದು. ಅದರೊಳಗೆ ಆ ರೇಡಿಯಂ ವಾಚು. ಬರ್ಮಾದ ಕಡೆ ಕತ್ತಲಲ್ಲಿ ಲಾರಿ ಓಡಿಸುವ ಮಗನ ಕೈಗೆ ತಾವೇ ಕಟ್ಟಬೇಕೆಂದು ಶನಿವಾರವೇ ಅದನ್ನು ಹೊಲಿದಿಟ್ಟಿದ್ದರು. ಸೋಮವಾರ ಬೆಳಗ್ಗೆ ಹೊರಡುವ ಸಡಗರದಲ್ಲಿ ಡಬ್ಬವನ್ನೇ ತೆಗೆದಿರಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಅದೊಂದು ದಿನ. ತೆಗೆದಿದ್ದರೆ ಸರ್ಕಾರಿ ವಾಚೂ ಉಳಿದವೂ ಒಂದೇ ಟೈಮು ತೋರಿಸುವುದು ಕಣ್ಣಿಗೆ ಬೀಳುತ್ತಿತ್ತು.

"ನಂದೇ ತಪ್ಪು" ಎಂದರು. "ಹಳೇ ಟೈಮು ಹಳೇ ಟೈಮು ಅಂತ ಹಟ ಹಿಡಿದೆ. ಕೀ ಕೊಡೋವಾಗ ಕೈ ತಾನಾಗೇ ಹಿಂದಕ್ಕೆ ತಿರುಗಿಸ್ಬಿಟ್ಟಿದೆ. ನಂಗೆ ಗೊತ್ತೇ ಆಗಿಲ್ಲ ನೋಡು."

ಆಗ ಹೇಳಬೇಕಿತ್ತು. ನಾಲಿಗೆಯಲ್ಲಿ ಊರಿನವರೆಲ್ಲರ ದನಿ ಇಟ್ಟುಕೊಂಡವನು ನಾನು... ಒಂದೂ ಹೊರಡಲಿಲ್ಲ. ಅವರು ಕೊನೆಯ ವಾಚನ್ನು ತಿರುಗಿಸಿ ಡಬ್ಬ ಮುಚ್ಚುವವರೆಗೂ ನೋಡಿ ಮನೆಗೆ ಹೋದೆ.

ಐದು ತಿಂಗಳಿಗೆ ಮಿಲಿಟರಿಯಿಂದ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಓದಿ ಹೇಳಲು ನನ್ನನ್ನೇ ಕರೆದರು. ಓದಿ ಹೇಳಿದೆ. ಲಾರಿ ಕಣಿವೆಗೆ ಉರುಳಿತ್ತು.

ಅದಾಗಿ ಕೆಲವು ವಾರಕ್ಕೆ ಒಂದು ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಅವರ ಎದುರು ಕೂತೆ. "ಮಾವ, ಒಂದು ಮಾತು ಹೇಳ್ಬೇಕು. ಆ ವಾಚು..." ಎಂದು ಶುರುಮಾಡಿದೆ. ದನಿ ತೆಳ್ಳಗೆ ನಡುಗುತ್ತಿತ್ತು. ಮಾವ ತಲೆಯೆತ್ತಿ ನನ್ನನ್ನೇ ನೋಡಿದರು.

"ಇದು ಯಾರ ದನಿಯೋ?" ಎಂದರು. "ಈ ದನಿ ನಾನು ಕೇಳೇ ಇಲ್ವಲ್ಲ."

ಕಾಗದ ಬಂದಮೇಲೆ ಮೊದಲ ಸಲ ಅತ್ತೆಯ ಮುಖದಲ್ಲಿ ಸಣ್ಣ ನಗು ಬಂತು. ಅದು ನನ್ನದೇ ದನಿ ಎಂದು ಹೇಳಲಾಗಲಿಲ್ಲ. "ನಮ್ಮ ಪೋಸ್ಟಿನವನದು ಮಾವ" ಎಂದುಬಿಟ್ಟೆ. "ಚೆನ್ನಾಗಿ ಮಾಡ್ತೀಯ" ಎಂದರು. ಅಲ್ಲಿಗೆ ಮುಗಿಯಿತು.

ಯುದ್ಧ ನಿಂತ ಮೇಲೆ ಸರ್ಕಾರ ಗಡಿಯಾರಗಳನ್ನು ಮತ್ತೆ ಒಂದು ಗಂಟೆ ಹಿಂದಕ್ಕೆ ತಂದಿತು. ಹಳೇ ಟೈಮಿಗಾಗಿ ಅಷ್ಟು ಜಗಳವಾಡಿದ ಮನುಷ್ಯ, ತಮ್ಮ ವಾಚುಗಳನ್ನು ಮುಟ್ಟಲಿಲ್ಲ. "ಇರ್ಲಿ ಬಿಡು. ಮುಂದಿದ್ರೆ ಯಾರಿಗೂ ನಷ್ಟ ಇಲ್ಲ" ಎಂದರು. ಅಲ್ಲಿಂದಾಚೆಗೆ ಅವರು ಎಲ್ಲ ಕಡೆಗೂ ಒಂದು ಗಂಟೆ ಮೊದಲೇ. ಅಂಗಡಿಯ ಬೀಗ ತೆಗೆಯುವ ಮುಂಚೆ ಮೆಟ್ಟಿಲ ಮೇಲೆ, ಮದುವೆಮನೆಯಲ್ಲಿ ಚಪ್ಪರ ಕಟ್ಟುವವರ ಜೊತೆ, ಕೈಕಟ್ಟಿಕೊಂಡು ನಿಂತಿರುತ್ತಿದ್ದರು. ಅವರು ಹಾಗೆ ನಿಲ್ಲುವುದನ್ನೂ ಒಂದು ಸಲ ಕಾರ್ಖಾನೆಯಲ್ಲಿ ಮಾಡಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಹೊರಗೆ ಹೋಗಿ ನಲ್ಲಿಯ ಹತ್ತಿರ ತುಂಬ ಹೊತ್ತು ಮುಖ ತೊಳೆದುಕೊಂಡೆ...

ಹೋದ ವರ್ಷ ಮಾವ ತೀರಿಕೊಂಡರು. ನಾಲ್ಕು ದಿನದ ಜ್ವರ, ಅಷ್ಟೇ.

ಕಳೆದ ಭಾನುವಾರ ಗುಜರಿಯಲ್ಲಿ ಕೊಂಡ ಆ ವಾಚನ್ನು ತಂದು ಅತ್ತೆಯ ಕೈಗಿಟ್ಟೆ. ಈಗ ಅವರಿಗೆ ಕಣ್ಣು ಮಂದ. ಪಟ್ಟಿಯ ಹೊಲಿಗೆಯನ್ನು ಬೆರಳಲ್ಲಿ ಸವರಿ, "ಅವರದೇ" ಎಂದರು. "ಕೀ ಕೊಡೋರಿಲ್ದೆ ಎಲ್ಲಾ ನಿಂತ್ಕೊಂಡಿದ್ವು ಕಣೋ. ನಿಂತ ವಾಚು ಮನೇಲಿ ಇಟ್ಕೋಬಾರ್ದು ಅಂದ್ರು, ಡಬ್ಬಾನೇ ಗುಜರಿಗೆ ಕೊಟ್ಬಿಟ್ಟೆ." ದೇವರ ಗೂಡಿನಲ್ಲಿ ಆ ಬಟ್ಟೆಚೀಲ ಮಾತ್ರ ಇತ್ತು. ಹೊಲಿಗೆ ಬಿಚ್ಚಿರಲಿಲ್ಲ.

ನಾನು ವಾಚಿಗೆ ಕೀ ಕೊಡತೊಡಗಿದೆ. "ಅದಕ್ಕೆ ಹದಿನಾರು ಸುತ್ತು" ಎಂದರು ಅತ್ತೆ. ಹದಿನಾರಕ್ಕೆ ನಿಲ್ಲಿಸಿದೆ. ಓಡಿತು. ಅವರು ಅದನ್ನು ಇಸಿದುಕೊಂಡು ಕಿವಿಗಿಟ್ಟುಕೊಂಡರು.

"ಒಂದ್ಸಲ ಅವರ ಥರ ಹೇಳೋ" ಎಂದರು. "ಕೇಳು ಕೇಳು ಅಂತಿದ್ರಲ್ಲ, ಹಾಗೆ."

ಸಾವಿರ ಸಲ ಹೇಳಿದ ಮಾತು. ಬಾಯಿ ತೆರೆದೆ. ಮಾತು ಬಂತು, ಮಾವ ಬರಲಿಲ್ಲ. ಇನ್ನೊಂದು ಸಲ ನೋಡಿದೆ. ಅತ್ತೆ ನನ್ನ ಕೈಮೇಲೆ ಕೈಯಿಟ್ಟು, "ಹೋಗ್ಲಿ ಬಿಡು, ಗಂಟ್ಲು ಕಟ್ಟಿದೆ ನಿಂಗೆ" ಎಂದರು.

ಅವರಿಗೆ ಹೇಳಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ. ಅತ್ತೆಗೆ ಓದು ಬರುವುದಿಲ್ಲ, ಅದು ಗೊತ್ತಿದ್ದೇ ಬರೆಯಲು ಕೂತೆನೋ ಏನೋ. ನನ್ನ ಧೈರ್ಯ ಯಾವಾಗಲೂ ಇಷ್ಟೇ. ಅಚ್ಚಾಗಿ ಬಂದಮೇಲೆ ಇದನ್ನು ತೆಗೆದುಕೊಂಡು ಹೋಗಿ ನಾನೇ ಅವರಿಗೆ ಓದಿ ಹೇಳಬೇಕು. ಮಿಲಿಟರಿಯ ಕಾಗದ ಓದಿದ ಜಾಗದಲ್ಲೇ ಕೂತು. ನಡುವೆ ಅತ್ತೆ ತಡೆದು, ಇದು ಯಾರ ದನಿಯೋ ಎಂದು ಕೇಳಿದರೆ, ಈ ಸಲ ಪೋಸ್ಟಿನವನ ಹೆಸರು ಹೇಳಬಾರದು.