ಪಾಸಾಗುವ ಮಾತ್ರೆ

ಆ ದಿನ ಇವರು ಮಧ್ಯಾಹ್ನಕ್ಕೇ ಮನೆಗೆ ಬಂದರು. ಕೈಯಲ್ಲಿ ಬಿಸಿ ಪಳಂಪೊರಿಯ, ಅಂದರೆ ಬಾಳೆಹಣ್ಣಿನ ಬಜ್ಜಿಯ ಪೊಟ್ಟಣ. ಮೆಡಿಕಲ್ ಪಾಸಾಗಿತ್ತು.

ಇವರು ಅಂದರೆ ನನ್ನ ಗಂಡ ಮೋಹನ. ತಿರುವನಂತಪುರದ ವಿಳಿಂಜಂ ಬಂದರಿನಲ್ಲಿ, ಅಲೆ ತಡೆಯುವ ಗೋಡೆಗೆ ಕಲ್ಲು ಎತ್ತಿ ಇಡುವ ಕ್ರೇನ್ ನಡೆಸುತ್ತಿದ್ದರು. ಕಂಟ್ರಾಕ್ಟಿನ ಕೆಲಸ. ಕ್ರೇನ್ ಹತ್ತುವವರನ್ನು ಆರು ತಿಂಗಳಿಗೊಮ್ಮೆ ಡಾಕ್ಟರು ನೋಡುತ್ತಾರೆ. ಕಣ್ಣು, ಕಿವಿ, ಸಕ್ಕರೆ, ಬಿಪಿ. ಬಿಪಿ ಹೆಚ್ಚಿದ್ದರೆ ಹತ್ತಿಸುವುದಿಲ್ಲ. ಇವರಿಗೆ ಬಿಪಿ ಇತ್ತು. ನೋಡಿದವರು ನಂಬದೆ ಎರಡನೇ ಸಲ ತೋಳಿಗೆ ಪಟ್ಟಿ ಕಟ್ಟುವಷ್ಟು ಇತ್ತು. ವಯಸ್ಸು ಮೂವತ್ತಮೂರು. ಮತ್ತೆ ಪಾಸಾದದ್ದು ಹೇಗೆಂದರೆ, ಪರೀಕ್ಷೆಗೆ ಮೊದಲಿನ ಮೂರು ದಿನ ಮಾತ್ರೆ ತಿನ್ನುವುದು. ಪಾಸಾದ ಮೇಲೆ ಬಿಡುವುದು. ಕ್ರೇನಿನವರು ಅದಕ್ಕೆ ಪಾಸಾಗುವ ಮಾತ್ರೆ ಎಂದೇ ಹೆಸರಿಟ್ಟಿದ್ದರು.

ಮಗಳು ಅಶ್ವಿತಾ ಶಾಲೆಯಿಂದ ಬಂದ ಮೇಲೆ ಮೂವರೂ ಮೀನು ಬಂದರಿನ ಕಡೆ ನಡೆದು ಹೋದೆವು. ದೂರದಲ್ಲಿ ದೊಡ್ಡ ಹಡಗು ನಿಂತಿತ್ತು. ಇವರು ಅದರ ಮೇಲಿನ ಪೆಟ್ಟಿಗೆಗಳನ್ನು ತೋರಿಸಿ, ಒಂದರೊಳಗೆ ನಮ್ಮ ಇಡೀ ಮನೆ ಹಿಡಿಯುತ್ತದೆ, ನಿನ್ನ ಅಮ್ಮನ ಬಾಯಿ ಮಾತ್ರ ಹೊರಗೆ ಉಳಿಯುತ್ತದೆ ಎಂದರು. ಅವಳು ನಕ್ಕಳು. ನಾನೂ ನಕ್ಕೆ. ಇವರಿಗೆ ಮೂರು ದಿನದಿಂದ ತಲೆನೋವಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕುತ್ತಿಗೆಯ ಹಿಂದೆ ಕೈ ಒತ್ತಿ ಕೂರುವವರು, ಆ ಮೂರು ದಿನ ಕೂತಿರಲಿಲ್ಲ. ನಾನು ಅದನ್ನೇ ಹಿಡಿದುಕೊಂಡೆ.

"ಇವತ್ತೂ ಒಂದು ತಿನ್ನಿ. ನಾಳೆಯೂ ತಿನ್ನಿ. ಸುಖ ಉಂಟಲ್ಲ ಈಗ?"

"ಪಾಸಾಯ್ತಲ್ಲ ಮಾರಾಯ್ತಿ. ಇನ್ನು ಆರು ತಿಂಗಳು ನನ್ನನ್ನು ಯಾರು ಕೇಳ್ತಾರೆ?"

"ನಾನು ಕೇಳ್ತೇನೆ."

"ನೀನು ದಿನಾ ಕೇಳ್ತಿ. ನಿನ್ನ ಮೆಡಿಕಲ್ ಯಾರಿಗೂ ಪಾಸಾಗ್ಲಿಕ್ಕೆ ಇಲ್ಲ."

ಸಂಜೆ ಅಜಿತ್ ಬೈಕಿನಲ್ಲಿ ಬಂದ. ಅವನು ಮಲಯಾಳಿ, ಕೊಚ್ಚಿಯ ದಿನಗಳಿಂದ ಇವರ ಜೊತೆಗಾರ. ಅವನ ಮೆಡಿಕಲ್ ಮುಂದಿನ ವಾರ ಇತ್ತು. ಇವರು ಉಳಿದ ಮಾತ್ರೆಯ ಪಟ್ಟಿಯನ್ನು ತೆಗೆದು ಅವನ ಕೈಗೆ ಕೊಟ್ಟರು. ಒಂದೇ ಪಟ್ಟಿ ಹಾಗೆ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಜಿತ್ ನನ್ನ ಮುಖ ನೋಡಿ, ಚೇಚಿಗೆ, ಅಕ್ಕನಿಗೆ, ಸಿಟ್ಟು ಬಂದಿದೆ ಎಂದು ನಗುತ್ತಾ ಹೋದ.

ಅದೇ ಕೊನೆಯ ಸರಿಯಾದ ದಿನ.

ಇವರ ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ನನ್ನದೂ ಅದೇ ಕಡೆ. ಮಾವನನ್ನು ನಾನು ನೋಡಿಲ್ಲ. ಇವರು ಹೈಸ್ಕೂಲಿನಲ್ಲಿದ್ದಾಗ, ಬಸ್ಸಿಗೆ ಕಾಯುತ್ತಾ ನಿಂತಿದ್ದ ಮನುಷ್ಯ ಬಿದ್ದರಂತೆ. ಮೂಗಿನಲ್ಲಿ ರಕ್ತ. ಅಲ್ಲೇ ಹೋದರು. ಗಟ್ಟಿ ಆಳು, ನಡುವಯಸ್ಸು ದಾಟಿರಲಿಲ್ಲ. ನಮ್ಮ ಕಡೆ ಹಾಗೆ ಇದ್ದಕ್ಕಿದ್ದಂತೆ ಬಿದ್ದು ಸತ್ತರೆ ಗುಳಿಗ ಬಡಿದ ಎನ್ನುತ್ತಾರೆ. ಗುಳಿಗ ಉಗ್ರ ದೈವ. ಅವನ ಕಲ್ಲಿನ ಹತ್ತಿರ ಹೊತ್ತಲ್ಲದ ಹೊತ್ತಿನಲ್ಲಿ ನಿಂತದ್ದು ತಪ್ಪು ಎಂದು ಜೋಯಿಸರು ಇಟ್ಟ ಪ್ರಶ್ನೆಯಲ್ಲಿ ಕಂಡಿತು. ಗುಳಿಗನಿಗೆ ಕೋಲದ ಸೇವೆ ಕೊಟ್ಟರು. ಅಲ್ಲಿಗೆ ಮುಗಿಯಿತು. ಬಿಪಿ ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಗೂ ಬರಲಿಲ್ಲ.

ಇವರು ಐಟಿಐ ಕಲಿತು ಕೊಚ್ಚಿಗೆ ಬಂದರು. ಮದುವೆಯಾದ ಮೇಲೆ ನಾನೂ ಬಂದೆ. ಏಲೂರಿನಲ್ಲಿ ಒಂದು ಕೋಣೆಯ ಮನೆ. ಗಾಳಿ ಕಾರ್ಖಾನೆಗಳ ಕಡೆಯಿಂದ ಬೀಸಿದರೆ ಗಂಟಲು ಉರಿಯುತ್ತಿತ್ತು. ಇವರಿಗೆ ಕ್ರೇನಿನ ಹುಚ್ಚು. ಬೆಂಚಿನ ಮೇಲಿಟ್ಟ ಚಹಾದ ಗ್ಲಾಸಿಗೆ ಕೊಕ್ಕೆ ಮುಟ್ಟಿಸಿ, ಚಹಾ ಚೆಲ್ಲದ ಹಾಗೆ ನಿಲ್ಲಿಸುತ್ತಾರೆ ಎಂದು ಅಜಿತ್ ಹೇಳುತ್ತಿದ್ದ. ಮೇಲೆ ಕೂತರೆ ಯಾರ ಮಾತೂ ಕೇಳುವುದಿಲ್ಲ, ಅದೇ ಸುಖ ಎಂದು ಇವರು ಹೇಳುತ್ತಿದ್ದರು. ನೆಲದ ಮೇಲಿನ ಕೆಲಸ ಇವರಿಗೆ ಕೆಲಸವೇ ಅಲ್ಲ.

ಬಿಪಿ ಇರುವುದು ಅಲ್ಲಿ ಮೊದಲ ಸಲ ಗೊತ್ತಾಯಿತು. ಇವರಿಗೆ ಆಗ ಮೂವತ್ತು ತುಂಬಿರಲಿಲ್ಲ. ಕಂಟ್ರಾಕ್ಟರನ ಕಡೆಯ ನರ್ಸು ಪಟ್ಟಿ ಕಟ್ಟಿದಳು, ಬಿಚ್ಚಿದಳು, ಇನ್ನೊಂದು ಕೈಗೆ ಕಟ್ಟಿದಳು. ಇನ್ನೂರರ ಮೇಲೆ. ಕ್ರೇನ್ ಹತ್ತಬೇಡ ಎಂದರು. ಕೆಳಗೆ ಹಗ್ಗ ಹಿಡಿಯುವ ಕೆಲಸಕ್ಕೆ ಹಾಕಿದರು. ಮನೆಗೆ ಬಂದು ನನಗೆ ಹೇಳಲಿಲ್ಲ. ಸೊಂಟ ನೋವು ಎಂದರು. ಅಜಿತ್ ಇವರಿಗೆ ದಾರಿ ಹೇಳಿಕೊಟ್ಟ. ಮೂರು ದಿನ ಮಾತ್ರೆ, ಆ ಮೂರು ದಿನ ಉಪ್ಪಿಲ್ಲ, ಬೀಡಿ ಇಲ್ಲ, ಪರೀಕ್ಷೆಯ ಬೆಳಿಗ್ಗೆ ಮೆಲ್ಲ ನಡೆದು ಹೋಗಬೇಕು. ಮತ್ತೆ ನೋಡಿಸಿದರು. ಪಾಸು. ಮತ್ತೆ ಮೇಲೆ ಹತ್ತಿದರು.

ನನಗೆ ಗೊತ್ತಾದದ್ದು ಕೊಚ್ಚಿಯ ಕಲೂರಿನಲ್ಲಿ. ಒಂದು ಆದಿತ್ಯವಾರ ಫುಟ್‌ಬಾಲ್ ನೋಡಲು ಸ್ಟೇಡಿಯಂಗೆ ಹೊರಟಿದ್ದೆವು. ಬಸ್‌ಸ್ಟಾಂಡಿನ ಹತ್ತಿರ ಇವರ ಮೂಗಿನಿಂದ ರಕ್ತ ಬಂತು. ನಾನು ಎದುರಿದ್ದ ಮೆಡಿಕಲ್ ಶಾಪಿಗೆ ಎಳೆದುಕೊಂಡು ಹೋದೆ. ಅಂಗಡಿಯವನು ಬಿಪಿ ನೋಡಿ, ಇವರನ್ನು ಸ್ಟೂಲಿನಲ್ಲಿ ಕೂರಿಸಿ ನೀರು ಕೊಟ್ಟ. ಈಗಲೇ ಆಸ್ಪತ್ರೆಗೆ ಹೋಗಿ ಎಂದ. ಇವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು, ಇಷ್ಟು ಗದ್ದಲದಲ್ಲಿ ಯಾರಿಗಾದರೂ ಏರುತ್ತದೆ, ಗೋಲು ಬಿದ್ದರೆ ಇಳಿಯುತ್ತದೆ ಎಂದು ಆಟಕ್ಕೇ ಹೋದರು. ನಾನು ಆಟ ನೋಡಲಿಲ್ಲ, ಇವರ ಮೂಗು ನೋಡುತ್ತಾ ಕೂತೆ.

ಮರುದಿನ ಜಗಳ ಮಾಡಿ ಎರ್ನಾಕುಲಂನ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಮನೆಯಲ್ಲಿ ಯಾರಿಗಾದರೂ ಇದೆಯಾ ಎಂದು ಕೇಳಿದರು. ಇವರು ಇಲ್ಲ ಎಂದರು. ಅಪ್ಪ ಹೇಗೆ ಸತ್ತರು ಎಂದು ಕೇಳಿದರು. ಇವರು ನನ್ನ ಕಡೆ ತಿರುಗಿದರು. ಬಿದ್ದು ಸತ್ತರು ಎಂದು ನಾನು ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಹೇಳಿದರು, ಈ ಮಾತ್ರೆ ಒಂದು ದಿನವೂ ಬಿಡುವ ಹಾಗಿಲ್ಲ, ತಲೆನೋವು ಇರಲಿ ಇಲ್ಲದಿರಲಿ, ಸಾಯುವವರೆಗೆ. ಸಾಯುವವರೆಗೆ ಎಂದದ್ದು ಇವರಿಗೆ ಹಿಡಿಸಲಿಲ್ಲ.

ಒಂದು ತಿಂಗಳು ತಿಂದರು. ನಾನೇ ಕೊಡುತ್ತಿದ್ದೆ. ಸಾರಿಗೆ ಉಪ್ಪು ಕಡಿಮೆ ಮಾಡಿದೆ. ಆಸ್ಪತ್ರೆಯ ಊಟ ಎಂದು ಹಾಸ್ಯ ಮಾಡುತ್ತಿದ್ದರು, ಆದರೂ ಉಂಡರು. ಆಮೇಲೆ ಪಾದ ಬಾತುಕೊಂಡಿತು. ಕೆಲಸದ ದಪ್ಪ ಬೂಟಿನೊಳಗೆ ಕಾಲು ಹೋಗಲಿಲ್ಲ. ಬೂಟಿಲ್ಲದೆ ಒಳಗೆ ಬಿಡುವುದಿಲ್ಲ. ಮಾತ್ರೆಯಿಂದಲೇ ಬಾವು, ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ ಎಂದು ಆಸ್ಪತ್ರೆಯ ನರ್ಸು ನನಗೆ ಹೇಳಿದಳು. ಇವರು ಹೋಗಲಿಲ್ಲ. ಜೊತೆಗಾರರು ಇನ್ನೊಂದು ಹೇಳಿದ್ದರು, ಬಿಪಿ ಮಾತ್ರೆ ತಿಂದರೆ ಗಂಡಸಿನ ಶಕ್ತಿ ಹೋಗುತ್ತದೆ ಎಂದು. ನಮಗೆ ಎರಡನೇ ಮಗು ಬೇಕಿತ್ತು. ಮಾತ್ರೆ ನಿಂತಿತು. ಬಾವು ಇಳಿಯಿತು. ಎರಡನೇ ಮಗು ಆಗಲಿಲ್ಲ.

ಒಂದು ದಿನ ನಾನು ಬಿಡಲೇ ಇಲ್ಲ. ಇವರು ತಟ್ಟೆ ತಳ್ಳಿ ಹೇಳಿದರು.

"ಮೂರು ದಿನ ತಿಂದ್ರೆ ಇಳಿಯುತ್ತೆ ಅಂದ ಮೇಲೆ ಅದು ರೋಗವಾ ವಾರಿಜ? ಜ್ವರವೂ ಹಾಗೇ ಇಳಿಯುತ್ತೆ. ಜ್ವರಕ್ಕೆ ಸಾಯುವವರೆಗೆ ಮದ್ದು ತಿಂತಾರಾ?"

ಡಾಕ್ಟರಮ್ಮ ಹೇಳಿದ್ದನ್ನೇ ಮತ್ತೆ ಹೇಳಿದೆ. ಇವರ ಲೆಕ್ಕದಲ್ಲಿ ಪರೀಕ್ಷೆ ಪಾಸಾದರೆ ರೋಗ ಇಲ್ಲ. ದಿನಾ ತಿಂದಿದ್ದರೆ ಪ್ರತಿ ಸಲವೂ ನೆಟ್ಟಗೆ ಪಾಸಾಗುತ್ತಿದ್ದರು. ಅದು ಇವರ ತಲೆಗೆ ಹೋಗಲಿಲ್ಲ. ದಿನಾ ಮಾತ್ರೆ ತಿನ್ನುವವನು ಎಂದು ಹೆಸರು ಬಿದ್ದರೆ ಕೆಳಗಿಳಿಸುತ್ತಾರೆ ಎಂಬ ಹೆದರಿಕೆ. ಹಗ್ಗ ಹಿಡಿದು ನಿಂತ ದಿನಗಳನ್ನು ಇವರು ಮರೆಯಲಿಲ್ಲ.

ವಿಳಿಂಜಂನಲ್ಲಿ ಕ್ರೇನಿನವರು ಬೇಕು ಎಂದಾಗ ಅಜಿತ್ ಮತ್ತು ಇವರು ಒಟ್ಟಿಗೇ ಹೊರಟರು. ಬಂದರಿನ ಹತ್ತಿರ ಮುಕ್ಕೋಲದಲ್ಲಿ ಮಹಡಿಯ ಮೇಲೆ ಬಾಡಿಗೆ ಮನೆ. ಸಮುದ್ರದ ಗಾಳಿ ಒಳ್ಳೆಯದು, ಇಲ್ಲಿ ಬಿಪಿ ತಾನೇ ಇಳಿಯುತ್ತದೆ ಎಂದರು. ಇಳಿಯಲಿಲ್ಲ. ಬೆಳಿಗ್ಗೆ ವಾಂತಿ ಶುರುವಾಯಿತು. ಕಣ್ಣು ಮಂಜು ಎನ್ನುತ್ತಿದ್ದರು, ಬಿಸಿಲಿಗೆ ಎನ್ನುತ್ತಿದ್ದರು. ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವವಳು. ಅಪ್ಪ ಕೆಳಗಿನ ಅಂಗಡಿಯಲ್ಲಿ ಉಪ್ಪಿನಕಾಯಿ ತಿಂದು ಬಂದು ತಿಂದಿಲ್ಲ ಅನ್ನುತ್ತಾರೆ ಎಂದು ಅವಳೇ ಚಾಡಿ ಹೇಳುತ್ತಿದ್ದಳು. ಇವರು ಅವಳ ಜಡೆ ಎಳೆದು ಪೊಲೀಸಮ್ಮ ಎಂದು ಕರೆಯುತ್ತಿದ್ದರು.

ಮೆಡಿಕಲ್ ಪಾಸಾದ ಆ ವಾರವೇ, ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದರು. ಬ್ರಶ್ ಬಿತ್ತು. ಬಗ್ಗಿ ತೆಗೆಯಲು ನೋಡಿದರು, ಬಲಗೈ ಏಳಲಿಲ್ಲ. ನನ್ನ ಕಡೆ ತಿರುಗಿ ಏನೋ ಹೇಳಿದರು. ಮಾತು ಮಾತಾಗಿ ಬರಲಿಲ್ಲ. ಬಾಯಿ ಒಂದು ಕಡೆಗೆ ಹೋಗಿತ್ತು. ನಾನು ಹಿಡಿದುಕೊಳ್ಳುವಷ್ಟರಲ್ಲಿ ಕೂತುಬಿಟ್ಟರು. ಅಜಿತ್ ಆಟೋ ತಂದ. ಮೆಡಿಕಲ್ ಕಾಲೇಜಿಗೆ ಹೋಗುವವರೆಗೂ ಎಡಗೈಯಿಂದ ನನ್ನ ಸೆರಗು ಹಿಡಿದಿದ್ದರು. ಆಮೇಲೆ ಆ ಕೈಯೂ ಬಿಟ್ಟಿತು.

ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು. ಡಾಕ್ಟರು ಇವರದೇ ವಯಸ್ಸಿನವನು. ಬಿಪಿ ಇತ್ತಾ ಎಂದು ಕೇಳಿದ. ಇತ್ತು ಎಂದೆ. ಮಾತ್ರೆ ತಿನ್ನುತ್ತಿದ್ದರಾ ಎಂದು ಕೇಳಿದ. ಪರೀಕ್ಷೆಗೆ ತಿನ್ನುತ್ತಿದ್ದರು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅಜಿತ್ ಗೋಡೆಗೆ ಮುಖ ಮಾಡಿ ನಿಂತಿದ್ದ. ನಾನು ಬಿಡಿಸಿ ಹೇಳಿದೆ. ಡಾಕ್ಟರು ಕೇಳಿಸಿಕೊಂಡ, ಬೈಯಲಿಲ್ಲ. ನಾನೇ ಕೇಳಿದೆ, ದಿನಾ ತಿಂದಿದ್ದರೆ? ಹೆಚ್ಚಾಗಿ ಇಲ್ಲಿಗೆ ಬರುತ್ತಿರಲಿಲ್ಲ ಎಂದು ಹೇಳಿ ಒಳಗೆ ಹೋದ.

ಆ ವಾರ ಕಳೆಯುವ ಮೊದಲೇ ಇವರು ಹೋದರು. ಕಣ್ಣು ಬಿಡಲಿಲ್ಲ.

ಆಂಬುಲೆನ್ಸಿನಲ್ಲಿ ಕಾಸರಗೋಡಿಗೆ. ಕೇರಳದ ಈ ತುದಿಯಿಂದ ಆ ತುದಿ. ಮನೆಯ ಅಂಗಳದಲ್ಲಿ ಅತ್ತೆ ನಿಂತಿದ್ದರು. ಕಂಟ್ರಾಕ್ಟರನ ಆಫೀಸಿನವರು ಫೋನಿನಲ್ಲಿ ಅವರಿಗೆ ಹೇಳಿದ್ದರಂತೆ, ಮೊನ್ನೆಯಷ್ಟೇ ಡಾಕ್ಟರು ನೋಡಿದ್ದಾರೆ, ಬಿಪಿ ಸರಿಯಿತ್ತು, ಹುಡುಗ ಗಟ್ಟಿಯಿದ್ದ ಎಂದು. ಅತ್ತೆ ಅದನ್ನೇ ಬಂದವರಿಗೆಲ್ಲ ಹೇಳಿದರು. ನನ್ನ ಮುಖ ನೋಡಿ ಹೇಳಿದರು.

"ಡಾಕ್ಟರೇ ಸರಿಯುಂಟು ಅಂದಿದ್ದಾನೆ. ರೋಗ ಇಲ್ಲದವ ಹೇಗೆ ಸಾಯ್ತಾನೆ? ಅಪ್ಪನನ್ನು ಹಿಡಿದವನೇ ಸಮುದ್ರದವರೆಗೆ ಹೋಗಿದ್ದಾನೆ."

ನಾನು ಬಿಪಿ ಎಂದೆ. ಮೂರು ದಿನದ ಮಾತ್ರೆಯ ವಿಷಯ ಹೇಳಿದೆ. ಸತ್ತವನ ಮೇಲೆ ಸುಳ್ಳು ಹೇಳಬೇಡ ಎಂದರು ಯಾರೋ. ಹನ್ನೆರಡನೆಯ ದಿನದ ಕೆಲಸ ಮುಗಿಯುವ ಮೊದಲೇ ಪ್ರಶ್ನೆ ಇಡಿಸುವ ಮಾತು ಬಂತು. ಗುಳಿಗನಿಗೆ ಮತ್ತೆ ಕೋಲ ಆಯಿತು. ನಾನು ಹೋಗಲಿಲ್ಲ.

ಊರಿನಲ್ಲಿ ನನಗೆ ಜಾಗ ಇರಲಿಲ್ಲ. ಮುಕ್ಕೋಲಕ್ಕೇ ಬಂದೆ, ಮಗಳ ಶಾಲೆ ಅಲ್ಲಿತ್ತು. ಈಗ ಬಂದರಿನ ಕೆಲಸದವರ ಮೆಸ್ಸಿನಲ್ಲಿ ಮಧ್ಯಾಹ್ನದ ಅಡಿಗೆಗೆ ಹೋಗುತ್ತೇನೆ. ಇವರ ತಮ್ಮ ಪ್ರಜ್ವಲ್ ಆಮೇಲೆ ನನ್ನ ಮನೆಗೇ ಬಂದ, ಅತ್ತೆಯನ್ನೂ ಕರೆದುಕೊಂಡು. ಅವನಿಗೆ ಇಪ್ಪತ್ತೇಳು. ಅದೇ ಕಂಟ್ರಾಕ್ಟರನ ಹತ್ತಿರ ಲಾರಿ ಓಡಿಸುತ್ತಾನೆ. ಬಂದ ವಾರವೇ ನಾನು ಅವನನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ನರ್ಸು ಪಟ್ಟಿ ಕಟ್ಟಿದಳು, ಬಿಚ್ಚಿದಳು, ಇನ್ನೊಂದು ಕೈಗೆ ಕಟ್ಟಿದಳು. ನಾನು ಸಂಖ್ಯೆ ಕೇಳಲಿಲ್ಲ.

ಲಾರಿಯವರಿಗೂ ಮೆಡಿಕಲ್ ಇದೆ, ಅವನದೂ ಪಾಸಾಗಿದೆ. ಮಾತ್ರೆ ಕೊಟ್ಟದ್ದು ಅಜಿತ್. ಅಜಿತ್ ಈಗಲೂ ಹಾಗೆಯೇ ಪಾಸಾಗುತ್ತಾನೆ. ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾನೆ.

ಕೇಂದ್ರದಲ್ಲಿ ಪುಕ್ಕಟೆ ಕೊಡುವ ಮಾತ್ರೆ ನಾನೇ ತರುತ್ತೇನೆ. ಬೆಳಿಗ್ಗೆ ಚಹಾದ ಜೊತೆ ಪ್ರಜ್ವಲನಿಗೆ ಕೊಟ್ಟು ಎದುರು ನಿಲ್ಲುತ್ತೇನೆ. ಅತ್ತೆ ಒಳಗಿನಿಂದ, ಅವನಿಗೂ ರೋಗ ಹಚ್ಚುತ್ತಾಳೆ ಎಂದು ಗೊಣಗುತ್ತಾರೆ.

"ಬಾಯಿ ತೆರೆ."

"ಅತ್ತಿಗೆ, ನಾನೆಂತ ಎಲ್‌ಕೆಜಿ ಮಗುವಾ?"

"ತೆರೆ."

ತೆರೆಯುತ್ತಾನೆ. ನಾಲಿಗೆಯ ಮೇಲೆ ಏನೂ ಇರುವುದಿಲ್ಲ. ನಗುತ್ತಾ ಮೆಟ್ಟಿಲಿಳಿದು ಹೋಗುತ್ತಾನೆ. ಲಾರಿ ಹೊರಟ ಸದ್ದು ಕೇಳಿದ ಮೇಲೆ ನಾನು ಪೊರಕೆ ತೆಗೆದುಕೊಂಡು ಮೆಟ್ಟಿಲು ಗುಡಿಸುತ್ತೇನೆ. ಮೇಲಿನಿಂದ ಕೆಳಗಿನವರೆಗೆ. ಕೆಲವು ದಿನ ಧೂಳು ಮಾತ್ರ ಇರುತ್ತದೆ. ಹೆಚ್ಚಿನ ದಿನ ಕೆಳಗಿನ ತಿರುವಿನಲ್ಲಿ, ಗೋಡೆಯ ಬದಿಗೆ, ಅರ್ಧ ಕರಗಿದ ಮಾತ್ರೆ ಅಂಟಿಕೊಂಡಿರುತ್ತದೆ. ಉಗುರಿನಿಂದ ಕೆರೆದು ತೆಗೆದು ಕಸದ ಜೊತೆ ಹಾಕುತ್ತೇನೆ.