ಮಲತಾಯಿ ಇಲ್ಲದ ಕಥೆ

ಮಹಾಯುದ್ಧ ಶುರುವಾಗುವುದಕ್ಕೂ ಮುಂಚಿನ ಮಾತು. ಪುಣೆಯ ಶಾಲೆಗಳಲ್ಲಿ ನಮ್ಮ ಮಕ್ಕಳು ಮರಾಠಿ ಕಲಿಯುತ್ತಿದ್ದರು. ದೇವರ ಕಥೆಗಳನ್ನು ಕನ್ನಡದಲ್ಲಿ ಓದಲು ಅವರಿಗೆ ಏನೂ ಸಿಗುತ್ತಿರಲಿಲ್ಲ. ಅದಕ್ಕೇ ಧಾರವಾಡದ ಕಡೆಯಿಂದ ಬಂದಿದ್ದ ನಾವು ಮೂವರು ಹೆಂಗಸರು ಮಕ್ಕಳಿಗಾಗಿ ಒಂದು ಮಾಸಪತ್ರಿಕೆ ಹೊರಡಿಸಲು ನಿಂತೆವು. ನಮಗೆ ಕನ್ನಡದ ಅಚ್ಚುಮೊಳೆ ಸಿಗಲಿಲ್ಲ. ಬರಹವನ್ನು ಕಲ್ಲಿನ ಮೇಲೆ ಇಳಿಸಿ ಅಚ್ಚು ಹಾಕುವ ಕಲ್ಲಚ್ಚಿನವರಿಗೆ ಪ್ರತಿ ಪುಟವನ್ನೂ ಕೈಯಲ್ಲೇ ಬರೆದುಕೊಡಬೇಕಿತ್ತು. ಅಕ್ಷರ ದುಂಡಗಿದೆ ಎಂದು ಆ ಕೆಲಸ ನನ್ನ ಪಾಲಿಗೆ ಬಂತು. ಅಡಿಗೆ, ನೀರು, ಮಗುವಿನ ಆರೈಕೆ ಎಲ್ಲ ಮುಗಿಸಿ ಬರೆಯಲು ಕೂತರೆ ಬೆರಳು ಮಡಚಲು ಬರುತ್ತಿರಲಿಲ್ಲ.

ತಂದೆಯ ತೊಡೆಯಿಂದ ಮಲತಾಯಿ ಇಳಿಸಿದ್ದಕ್ಕೆ ತಪಸ್ಸಿಗೆ ಹೋದ ಬಾಲಕನ ಕಥೆಯನ್ನು ಮೊದಲ ಸಂಚಿಕೆಗೆ ಬರೆದಿದ್ದೆ. ಅದನ್ನು ಓದಿ ನಮ್ಮ ಮೂವರಲ್ಲೇ ಒಬ್ಬ ಗೆಳತಿ ಹಾಳೆಯನ್ನು ಕೆಳಗಿಟ್ಟಳು. ಅವಳು ಎರಡನೆಯ ಸಂಬಂಧಕ್ಕೆ ಬಂದವಳು; ಗಂಡನ ತೀರಿಹೋದ ಮೊದಲ ಹೆಂಡತಿಯ ಮಗಳನ್ನು ಸಾಕುತ್ತಿದ್ದಳು.

“ವೈನಿ, ಇದನ್ನ ನಮ್ಮ ಹುಡುಗಿನೂ ಓದತಾಳ್ರಿ. ಆಮ್ಯಾಲೆ ನನ್ನ ಮಾರಿ ಹ್ಯಾಂಗ ನೋಡಬೇಕು ಅಕಿ?”

ನನಗೆ ಸಿಟ್ಟು ಬಂತು, ಆದರೆ ವಾದಿಸುವ ತ್ರಾಣ ಇರಲಿಲ್ಲ. ಇಡೀ ಕಥೆಯನ್ನು ಮತ್ತೆ ಬರೆದೆ. ಈ ಸಲ ಮಲತಾಯಿಯೇ ಇರಲಿಲ್ಲ. ಬಾಲಕ ತಾನಾಗಿಯೇ ಕಾಡಿಗೆ ಹೋದ.

ಪತ್ರಿಕೆ ಅಚ್ಚಾಗಿ ಬಂದಾಗ ಆ ಹುಡುಗಿ ನಮ್ಮೆದುರೇ ಗಟ್ಟಿಯಾಗಿ ಓದಿದಳು.

“ಇದು ತಪ್ಪು ಅದ. ಮಲತಾಯಿ ಅವನ್ನ ದೂಡಿದ್ಲು, ಅಜ್ಜಿ ಹೇಳ್ಯಾಳ,” ಎಂದಳು. ಆಮೇಲೆ ನನ್ನ ಗೆಳತಿಯ ಸೆರಗು ಎಳೆದು, “ಅವ್ವಾ, ಹಸಿವಾಗೇದ,” ಎಂದಳು.

ಗೆಳತಿ ಕಣ್ಣೊರೆಸಿಕೊಂಡು ರೊಟ್ಟಿ ತರಲು ಒಳಗೆ ಹೋದಳು. ನಾನು ಗೋಡೆಗೆ ಒರಗಿ ಹಾಗೇ ಕೂತುಬಿಟ್ಟೆ.