ಐದರಲ್ಲಿ ಐದು

ಆರು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತ ಮೇಲೆ ನಾನು ಮಣಿಪಾಲದಲ್ಲಿ ಸ್ನಾತಕೋತ್ತರ ಓದಿಗೆ ಸೇರಿದೆ. ಯಂತ್ರಗಳ ಮುಂದೆ ಮನುಷ್ಯರು ಎಲ್ಲಿ ತಡವರಿಸುತ್ತಾರೆ, ಯಾಕೆ ತಡವರಿಸುತ್ತಾರೆ ಎಂದು ನೋಡುವ ಮನಶ್ಶಾಸ್ತ್ರ ನನ್ನ ವಿಷಯ. ತಪ್ಪು ಬಳಸುವವರದ್ದಲ್ಲ, ವಿನ್ಯಾಸದ್ದು ಎಂದು ಮೊದಲ ವಾರವೇ ಕಲಿಸಿದರು. ಯಂತ್ರದ ಪರೀಕ್ಷೆ ನಡೆಯುವಾಗ ಬಳಸುವವರಿಗೆ ಸಹಾಯ ಮಾಡಬಾರದು ಎಂದೂ ಕಲಿಸಿದರು. ಎರಡನ್ನೂ ಒಂದೇ ಪುಟದಲ್ಲಿ ಬರೆದುಕೊಂಡೆ.

ಪ್ರಬಂಧಕ್ಕೆ ಉಡುಪಿಯ ಒಂದು ಆಸ್ಪತ್ರೆಯಲ್ಲಿ ಹೊಸದಾಗಿ ಇಟ್ಟಿದ್ದ ಟೋಕನ್ ಯಂತ್ರವನ್ನು ಆರಿಸಿಕೊಂಡೆ. ನಿಜವಾದ ರೋಗಿಗಳು, ನಿಜವಾದ ಕೆಲಸ ಎಂದು ಗೈಡ್ ಖುಷಿಪಟ್ಟರು.

ಒಂದು ಗುರುವಾರ ಹತ್ತು ಗಂಟೆಗೆ ಕಾರ್ಕಳದ ಕಡೆಯಿಂದ ವಯಸ್ಸಾದ ಗಂಡ ಹೆಂಡತಿ ಬಂದರು. ಗಂಡನ ಪಾದಕ್ಕೆ ಬ್ಯಾಂಡೇಜು. ಸಕ್ಕರೆ ಕಾಯಿಲೆಯ ಗಾಯ. ಅದನ್ನು ನೋಡುವ ಡಾಕ್ಟರು ಬರುವುದು ಗುರುವಾರ ಮಾತ್ರ. ಹತ್ತೂವರೆಗೆ ಟೋಕನ್ ಬಂದ್. ಕೈಯಿಂದಲೇ ಟೋಕನ್ ಕೊಡುವ ಕೌಂಟರಿನ ಸಾಲಿನಲ್ಲಿ ನಾಲ್ಕೇ ಜನ ಇದ್ದರು. ಅತ್ತ ಹೊರಟಿದ್ದ ಹೆಂಗಸನ್ನು ಯಂತ್ರದ ಕಡೆಗೆ ತಿರುಗಿಸಿದ್ದು ನಾನು.

"ಐದು ನಿಮಿಷ ಅಮ್ಮ. ಇದರಲ್ಲೇ ಟೋಕನ್ ಬರ್ತದೆ."

ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು ಎಂಬ ಒಪ್ಪಿಗೆ ಪತ್ರವನ್ನು ಓದಿ ಹೇಳಿದೆ. ಅವರು ತಲೆಯಾಡಿಸಿದರು. ನಮ್ಮ ಕಡೆ ಒಬ್ಬರ ಕೆಲಸಕ್ಕೆ ಹೂಂ ಎಂದವರು ಅರ್ಧದಲ್ಲಿ ಎದ್ದು ಹೋಗುವುದಿಲ್ಲ. ಕಾಪುವಿನಲ್ಲಿ ಹುಟ್ಟಿ ಬೆಳೆದ ನನಗೆ ಅದು ಗೊತ್ತಿತ್ತು.

ಯಂತ್ರ ಮೊಬೈಲ್ ನಂಬರ್ ಕೇಳಿತು. ಒತ್ತಿದರು. ಒಟಿಪಿ ಬಂತು. ಚೀಲದಿಂದ ಫೋನ್ ತೆಗೆದು, ಕನ್ನಡಕ ಹುಡುಕಿ, ಮೆಸೇಜು ತೆರೆಯುವಷ್ಟರಲ್ಲಿ ಪರದೆ ಮೊದಲಿನ ಪುಟಕ್ಕೆ ಹೋಗಿತ್ತು. ಮತ್ತೆ ಮೊದಲಿನಿಂದ. ಮೂರನೆಯ ಸಲವೂ ಹಾಗೇ ಆದಾಗ ನನ್ನ ಕಡೆ ನೋಡಿದರು.

"ಎಂತ ಮಾಡೂದು ಮಗಾ?"

"ನಿಮಗೆ ಸರಿ ಅನಿಸಿದ್ದನ್ನು ಮಾಡಿ" ಎಂದೆ. ನಿಯಮದಲ್ಲಿದ್ದ ವಾಕ್ಯ ಅದು. ಕೈಯಲ್ಲಿ ಸ್ಟಾಪ್‌ವಾಚ್ ಓಡುತ್ತಿತ್ತು.

ಬೆಂಚಿನಿಂದ ಗಂಡ ಕೂಗಿದರು: "ನೀನು ಟೋಕನ್ ತರ್ಲಿಕ್ಕೆ ಹೋದದ್ದಾ, ಮೆಷಿನ್ ರಿಪೇರಿಗೆ ಹೋದದ್ದಾ ಮಾರಾಯ್ತಿ?"

"ಸುಮ್ಮನೆ ಕೂತ್ಕೊಳ್ಳಿ. ಇವರಿಗೆ ಪರೀಕ್ಷೆ ಉಂಟು."

ಆರನೆಯ ಸಲ ಪರದೆಯ ಮೇಲೆ 'ಇಂದಿನ ಟೋಕನ್ ಮುಗಿದಿದೆ' ಎಂದು ಬಂತು. ಆಗ ಕೌಂಟರಿಗೆ ಓಡಿದೆ. ಗುಮಾಸ್ತೆ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ಲಾಕ್ ಆಗಿದೆ. ಮುಂದಿನ ಗುರುವಾರ ಬರ್ಲಿ."

ವಾಪಸು ಬಂದಾಗ ಆಕೆ ಯಂತ್ರದ ಬಳಿಯೇ ನಿಂತಿದ್ದರು. "ನಿನ್ನ ಕೆಲಸ ಮುಗಿಯಿತಾ?" ಎಂದು ಕೇಳಿದರು. ಒಂದು ಪ್ರಶ್ನೆ ಉಳಿದಿತ್ತು. ಅದನ್ನು ನಾನು ಕೇಳಿದೆ: ಈ ಯಂತ್ರಕ್ಕೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ?

"ಐದು ಬರಿ."

"ಟೋಕನೇ ಸಿಗಲಿಲ್ಲವಲ್ಲ ಅಮ್ಮ."

"ಅದು ನಮ್ಮ ಕರ್ಮ. ನಿನಗೆ ಮಾರ್ಕು ಕಡಿಮೆ ಆಗುವುದು ಬೇಡ."

ಅಂಕ ನನಗಲ್ಲ, ಯಂತ್ರಕ್ಕೆ ಎಂದು ವಿವರಿಸಿದೆ. ಇರಲಿ, ಬರಿ ಎಂದರು. ಬರೆದೆ. ಗಂಡನ ತೋಳು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನತ್ತ ಹೊರಟರು.

ಆಕೆ ಐದು ಅಂಕ ಯಾಕೆ ಕೊಟ್ಟರೆಂದು ಗೈಡ್‌ಗೆ ಹೇಳಿ, ಅದನ್ನು ಕೈಬಿಡೋಣವೇ ಎಂದು ಕೇಳಿದೆ. ಕೊಟ್ಟ ಉತ್ತರವನ್ನು ನಾವು ತಿದ್ದುವಂತಿಲ್ಲ ಎಂದರು. ಆಕೆಗೆ ಸಹಾಯ ಮಾಡದಿದ್ದದ್ದು ಸರಿಯಾಯಿತು ಎಂದೂ ಹೊಗಳಿದರು. ಪ್ರಬಂಧದಲ್ಲಿ ಆಕೆ 'ಭಾಗಿ ಏಳು'. ಕೆಲಸ: ವಿಫಲ. ತೃಪ್ತಿ: ಐದು. ನನಗೆ ಒಳ್ಳೆಯ ದರ್ಜೆ ಬಂತು. ಗಾಯ ಏನಾಯಿತೋ ತಿಳಿಯದು. ಹೆಸರು, ನಂಬರು ಬರೆದಿಟ್ಟುಕೊಳ್ಳಬಾರದು ಎಂಬುದೂ ನಿಯಮವೇ.

ಮರುವರ್ಷ ಆಸ್ಪತ್ರೆಗೆ ಹೋದಾಗ ಕೌಂಟರಿನ ಕಿಟಕಿಗೆ ಪ್ಲೈವುಡ್ ಹೊಡೆದಿದ್ದರು. ಅದರ ಮೇಲೆ ಒಂದು ನೋಟೀಸು: ಅಧ್ಯಯನದಲ್ಲಿ ರೋಗಿಗಳು ಯಂತ್ರದ ಬಗ್ಗೆ ತೃಪ್ತಿ ವ್ಯಕ್ತಪಡಿಸಿರುವುದರಿಂದ ಇನ್ನು ಮುಂದೆ ಟೋಕನ್ ಯಂತ್ರದಲ್ಲಿ ಮಾತ್ರ. ಅಧ್ಯಯನ ನನ್ನದು, ಆಸ್ಪತ್ರೆಗೆ ಒಂದು ಪ್ರತಿ ಕೊಟ್ಟಿದ್ದೆ. ಎಷ್ಟು ಜನರಿಗೆ ಟೋಕನ್ ಸಿಗಲಿಲ್ಲ ಎಂಬ ಪುಟವನ್ನು ಯಾರೂ ಓದಿರಲಿಲ್ಲ. ತೃಪ್ತಿಯ ಸರಾಸರಿಯನ್ನು ಓದಿದ್ದರು. ಅದರಲ್ಲಿ ಆಕೆಯ ಐದೂ ಸೇರಿದೆ.